ಕೈಬಿಟ್ಟ ತಂತ್ರಾಂಶವೂ ನಮ್ಮೂರ ಫೋಟೋಗಳೂ

"ಹಳೆಯದನ್ನು ಬಿಡಿರಿ, ಹೊಸದನ್ನು ಹಿಡಿಯಿರಿ" ಎಂಬದು ಈ ಕಾಲದ ದೊಡ್ಡ ಉಪದೇಶವಾಗಿದೆ. ಮೊಬೈಲ್ ಅಂಗಡಿಯವರು ಅದನ್ನೇ ಹೇಳುತ್ತಾರೆ. ಬೀಜ-ಗೊಬ್ಬರದ ಅಂಗಡಿಯವರೂ ಅದನ್ನೇ ಹೇಳುತ್ತಾರೆ. ನಮ್ಮ ತರಗತಿಗಳಲ್ಲಿಯೂ ಈ ಮಾತು ಬೇರೆ ಬೇರೆ ವೇಷದಲ್ಲಿ ಬಂದು ಹೋಗುತ್ತದೆ. ಇದಕ್ಕೆ ಎದುರಾಡುವ ಯೋಗ್ಯತೆ ನನಗೆಲ್ಲಿಯದು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೊಸದರ ಉಪಕಾರವನ್ನು ಉಂಡವಳು ಅದನ್ನು ಹಳಿಯುವದು ಸರಿಯಲ್ಲ. ಆದರೂ ಕಳೆದ ವರುಷ ಒಂದು ಸಣ್ಣ ಫೋಟೋ ಸ್ಟುಡಿಯೋದಲ್ಲಿ ನನ್ನ ಕೈಯಿಂದಲೇ ನಡೆದ ಒಂದು ಸಂಗತಿ ನನ್ನನ್ನು ಈ ವಿಷಯವಾಗಿ ವಿಚಾರಕ್ಕೆ ಹಚ್ಚಿದೆ. ಅದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂದು ಈ ಲೇಖನ.

ಆ ಸ್ಟುಡಿಯೋ ಇರುವದು ನವಲಗುಂದದ ಪೇಟೆಯಲ್ಲಿ. ಮಾಲಕರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ, ರಕ್ತಸಂಬಂಧವೇನಿಲ್ಲ. ಕಾಲೇಜು ಬಿಟ್ಟ ಮೇಲೆ ನಮ್ಮ ಹಳ್ಳಿಯ ಸಂಜೆಯ ಬಸ್ಸು ಬರುವ ತನಕ ನಾನು ಮೂರು ವರುಷದಿಂದ ಅಲ್ಲಿ ಕೂತು ಕೆಲಸ ಮಾಡುತ್ತಿದ್ದೇನೆ. ಪಾಸ್‌ಪೋರ್ಟ್ ಅಳತೆಯ ಫೋಟೋ, ಲಗ್ನದ ಆಲ್ಬಮ್, ಜಾತ್ರೆಯ ಬ್ಯಾನರು, ತೀರಿಕೊಂಡವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸುವದು, ಇವೇ ಅಲ್ಲಿಯ ಕೆಲಸಗಳು. ನನ್ನ ಪರೀಕ್ಷೆಯ ಫೀ ಅಲ್ಲಿಂದಲೇ ಹುಟ್ಟಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆ ಅಂಗಡಿಯ ಸಂಸಾರವೆಲ್ಲ ಎರಡು ಸಾಫ್ಟ್‌ವೇರುಗಳ ಮೇಲೆ ನಡೆದಿತ್ತು. ಒಂದು ಫೋಟೋಶಾಪ್ 7. ಅದು 2002ರಲ್ಲಿ ಬಂದದ್ದು. ಅಂದರೆ ನನಗಿಂತ ಹಿರಿಯದು. ಇನ್ನೊಂದು ಪಿಕಾಸಾ. ಅದೂ 2002ರದೇ. ಲೈಫ್‌ಸ್ಕೇಪ್ ಎಂಬ ಸಣ್ಣ ಕಂಪನಿ ಮಾಡಿದ ಅದನ್ನು 2004ರಲ್ಲಿ ಗೂಗಲ್ ಕೊಂಡುಕೊಂಡು ಎಲ್ಲರಿಗೂ ಪುಕ್ಕಟೆಯಾಗಿ ಹಂಚಿತು. ಫೋಟೋದ ಅಂಚು ಕತ್ತರಿಸುವದು, ಕತ್ತಲೆಯಾದ ಮುಖಕ್ಕೆ ಬೆಳಕು ಕೊಡುವದು, ವರುಷವಾರು ಹೊಂದಿಸುವದು, ಇಂಥ ಕೆಲಸಗಳಿಗೆ ಅದರಷ್ಟು ಸರಳವಾದುದು ಇನ್ನೊಂದಿರಲಿಲ್ಲ. 2016ರ ಮಾರ್ಚ್ 15ಕ್ಕೆ ಗೂಗಲ್ ಅದರ ಪೋಷಣೆಯನ್ನು ನಿಲ್ಲಿಸಿತು. ನಿಲ್ಲಿಸಿತು ಎಂದರೆ ಕಂಪ್ಯೂಟರಿನೊಳಗೆ ಇದ್ದದ್ದು ನಿಂತುಹೋಯಿತೆಂದಲ್ಲ. ಇನ್ನು ಹೊಸ ಆವೃತ್ತಿ ಬರುವದಿಲ್ಲ, ಕೆಟ್ಟರೆ ಕೇಳುವವರಿಲ್ಲ ಎಂದಷ್ಟೇ ಅರ್ಥ. ಕಾಕಾ ಅದರ ಇನ್‌ಸ್ಟಾಲ್ ಮಾಡುವ ಫೈಲನ್ನು ಒಂದು ಪೆನ್ ಡ್ರೈವಿನಲ್ಲಿ ಹಾಕಿ, ಬಿತ್ತನೆಯ ಬೀಜ ಎತ್ತಿಟ್ಟ ಹಾಗೆ ಗಲ್ಲೆಯಲ್ಲಿ ಎತ್ತಿಟ್ಟಿದ್ದರು.

ನನ್ನ ಗೆಳತಿಯರು ಇದನ್ನು ಕೇಳಿ ನಗುತ್ತಾರೆ. "ಅದು ಸ್ಟುಡಿಯೋ ಅಲ್ಲ, ಮ್ಯೂಜಿಯಮ್" ಎಂದು ಒಬ್ಬಳು ಅಂದದ್ದುಂಟು. ನಗುವವರಿಗೆ ನಾನು ಕೇಳುವದು ಇಷ್ಟೇ: ಹಳೆಯ ಉಪಕರಣವನ್ನು ಬಿಡದವನು ಮಡ್ಡನೇ ಆಗಿರಬೇಕೆಂದು ಯಾವ ಶಾಸ್ತ್ರದಲ್ಲಿದೆ? ನಮ್ಮ ಹಿತ್ತಲಲ್ಲಿ ಅಜ್ಜನ ಕಾಲದ ಕೂರಿಗೆ ಇದೆ. ಅದರ ದಿಂಡು ಸೀಳಿದರೆ ಊರಿನ ಬಡಿಗೇರರು ಒಂದು ಮುಂಜಾನೆಯಲ್ಲಿ ಹೊಸದನ್ನು ಕೂಡ್ರಿಸಿಕೊಡುತ್ತಾರೆ. ಆ ಕೂರಿಗೆಯನ್ನು ಮೊದಲು ಮಾಡಿದವರು ಯಾರು, ಅವರು ಇನ್ನೂ ಇದ್ದಾರೋ ಇಲ್ಲವೋ ಎಂದು ಯಾರೂ ಕೇಳುವದಿಲ್ಲ. ಕಾಕಾನ ಕೈಗೂ ಫೋಟೋಶಾಪ್ 7ಕ್ಕೂ ಇಪ್ಪತ್ತು ವರುಷದ ಗೆಳೆತನ. ಕಣ್ಣು ಮುಚ್ಚಿಕೊಂಡು ಸಹ ಅವರು ಒಂದು ಮುಖದ ಸುತ್ತಲಿನ ಹಿನ್ನೆಲೆಯನ್ನು ಬಿಡಿಸಿ ತೆಗೆದಾರು.

ಹಣದ ಮಾತೂ ಇದೆ. ಫೋಟೋಶಾಪನ್ನು ಮೊದಲು ಒಮ್ಮೆ ಬೆಲೆ ಕೊಟ್ಟು ಕೊಳ್ಳಬಹುದಾಗಿತ್ತು. 2012ರಲ್ಲಿ ಬಂದ ಸಿಎಸ್ 6 ಎಂಬದೇ ಹಾಗೆ ಕೊಳ್ಳಬಹುದಾದ ಕೊನೆಯ ಆವೃತ್ತಿ. 2013ರಲ್ಲಿ ಅಡೋಬಿ ಕಂಪನಿಯವರು ಇನ್ನು ಮುಂದಿನವೆಲ್ಲ ಚಂದಾದ ಮೇಲೆ ಮಾತ್ರ ಎಂದು ಸಾರಿದರು. ಅಲ್ಲಿಗೆ ಅದು ಸ್ವಂತ ಹೊಲವಾಗದೆ ಲಾವಣಿಗೆ ಹಾಕಿಕೊಂಡ ಹೊಲವಾಯಿತು. ಲಾವಣಿಯ ಹೊಲದವನಿಗೆ ಆದರೂ ಬೆಳೆ ಬಾರದ ವರುಷ ಮಾಲಕನ ಮುಂದೆ ಕೈಮುಗಿದು ನಿಲ್ಲುವ ದಾರಿಯುಂಟು. ಸ್ಟುಡಿಯೋದ ಸುಗ್ಗಿ ಲಗ್ನದ ಸುಗ್ಗಿ. ಆಷಾಢದಲ್ಲಿ ಲಗ್ನಗಳಿಲ್ಲ, ಹೆಸರು, ಕಡಲೆ, ಹತ್ತಿಯ ದರ ಬಿದ್ದ ವರುಷ ಆಲ್ಬಮ್ಮಿನ ಹಾಳೆಗಳೂ ಕಡಿಮೆಯಾಗುತ್ತವೆ. ಆದರೆ ತಿಂಗಳ ಬಾಡಿಗೆಗೆ ಆಷಾಢವೂ ಇಲ್ಲ, ಬರಗಾಲವೂ ಇಲ್ಲ. (ಹಾಗಾದರೆ ಕಾಕಾ ಆ ಫೋಟೋಶಾಪ್ 7ನ್ನು ಬೆಲೆ ಕೊಟ್ಟು ತಂದಿದ್ದರೇ ಎಂದು ಯಾರಾದರೂ ಕೇಳಬಹುದು. ಆಗಿನ ಕಾಲಕ್ಕೆ ಎಷ್ಟೋ ಅಂಗಡಿಗಳಿಗೆ ಸಿ.ಡಿ.ಗಳು ಹೇಗೆ ಬಂದವೋ ಇಲ್ಲಿಗೂ ಹಾಗೆಯೇ ಬಂದಿತು. ಇದು ಸರಿಯಲ್ಲವೆಂಬದನ್ನು ನಾನು ಒಪ್ಪುತ್ತೇನೆ. ಆದುದರಿಂದಲೇ ದೂರುವಾಗ ನನ್ನ ದನಿ ಸ್ವಲ್ಪ ತಗ್ಗಿಯೇ ಇದೆ.)

ಇರಲಿ. ನಡೆದ ಸಂಗತಿಗೆ ಬರುತ್ತೇನೆ. ಸ್ಟುಡಿಯೋದ ಹಳೆಯ ಕಂಪ್ಯೂಟರ್ ವಿಂಡೋಸ್ 7ರದು. ಆ ವಿಂಡೋಸಿಗೆ ಮೈಕ್ರೋಸಾಫ್ಟಿನ ಪೋಷಣೆ 2020ರ ಜನವರಿ 14ಕ್ಕೇ ಮುಗಿದಿತ್ತು. 2023ರಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೂ ಅದಕ್ಕೆ ಬರುವದು ನಿಂತಿತು. ಅಂತರ್ಜಾಲದ ಕೆಲಸಗಳು ಒಂದೊಂದಾಗಿ ಮುಖ ತಿರುಗಿಸಿದವು. ಗಿರಾಕಿಗಳು ಫೋಟೋ ಕಳಿಸುವದು ಮೊಬೈಲಿನಿಂದ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವದೇ ದಿನಾಲು ಒಂದು ಪರದಾಟವಾಯಿತು. ಕಡೆಗೆ 2025ರಲ್ಲಿ, ತುಳಸಿ ಲಗ್ನದ ನಂತರದ ಹಂಗಾಮಿಗೆ ಮೊದಲೇ ಆಗಬೇಕೆಂದು, ಕಾಕಾ ಸಾಲ ಮಾಡಿ ಹೊಸ ಕಂಪ್ಯೂಟರ್ ತಂದರು. ಹಳೆಯದನ್ನು ಮಾರಿದವರೇ ಬದಲಿಗೆ ಒಯ್ಯುತ್ತೇವೆಂದರು. ಅಷ್ಟು ರೊಕ್ಕ ಕಡಿಮೆ.

ಹಳೆಯದರಿಂದ ಹೊಸದಕ್ಕೆ ಫೋಟೋಗಳನ್ನು ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತು. ನನಗೋ ಅಚ್ಚುಕಟ್ಟುತನದ ಹುರುಪು. ಹದಿಮೂರು ವರುಷದ ಫೋಲ್ಡರುಗಳು ಗೊಂದಲವಾಗಿದ್ದವು. ಇದೇ ಸಮಯವೆಂದು ವರುಷಕ್ಕೊಂದು, ಊರಿಗೊಂದು ಹೊಸ ಫೋಲ್ಡರ್ ಮಾಡಿ, ಹಳೆಯದನ್ನು ಒಂದೊಂದಾಗಿ ತೆರೆದು, ಕಣ್ಣಿಗೆ ಕಂಡ ಫೋಟೋಗಳನ್ನೆಲ್ಲ ಆರಿಸಿ ಆರಿಸಿ ಹಾರ್ಡ್ ಡಿಸ್ಕಿಗೆ ತುಂಬಿದೆ. ಮೂರು ದಿನ ಹಿಡಿಯಿತು. ಕಾಕಾ ಪೆನ್ ಡ್ರೈವ್ ತೆಗೆದು ಹೊಸ ಕಂಪ್ಯೂಟರಿಗೆ ಪಿಕಾಸಾ ಹಾಕಿದರು. ಕಂಪನಿ ಕೈಬಿಟ್ಟು ಒಂಬತ್ತು ವರುಷವಾಗಿದ್ದರೂ ಅದು ಏನೂ ಆಗದವರಂತೆ ಎದ್ದು ಕೂತಿತು! ಫೋಟೋಶಾಪ್ 7 ಒಂದೆರಡು ದಿನ ತಂಟೆ ಮಾಡಿತು, ಹೊಸ ಪರದೆಯ ಮೇಲೆ ಅದರ ಅಕ್ಷರಗಳು ಸಾಸಿವೆಯಷ್ಟಾದವು, ಆದರೂ ನಡೆಯಿತು. ಗೆದ್ದೆವು ಎಂದುಕೊಂಡೆವು. ಹಳೆಯ ಕಂಪ್ಯೂಟರ್ ವ್ಯಾನಿನಲ್ಲಿ ಹೋಯಿತು.

ಪಿಕಾಸಾದ ಒಂದು ಗುಟ್ಟು ನಮಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಪ್ರಸಂಗವೂ ಬಂದಿರಲಿಲ್ಲ. ಫೋಟೋಕ್ಕೆ ನಾವು ಏನಾದರೂ ತಿದ್ದುಪಡಿ ಮಾಡಿದರೆ ಅದು ಕೂಡಲೇ ಫೋಟೋವನ್ನು ಮುಟ್ಟುವದಿಲ್ಲ. "ಇಷ್ಟು ಬೆಳಕು ಕೊಡು, ಇಲ್ಲಿಂದ ಇಲ್ಲಿಗೆ ಕತ್ತರಿಸು" ಎಂಬ ಚೀಟಿಯೊಂದನ್ನು ಅದೇ ಫೋಲ್ಡರಿನ ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟು, ತೋರಿಸುವಾಗ ಆ ಚೀಟಿಯ ಪ್ರಕಾರ ತೋರಿಸುತ್ತದೆ. ಸೇವ್ ಎಂದು ಒತ್ತಿದಾಗ ಮಾತ್ರ ತಿದ್ದಿದ ಫೋಟೋ ಮೂಲದ ಜಾಗದಲ್ಲಿ ಕೂಡ್ರುತ್ತದೆ. ಆಗಲೂ ಮೂಲವನ್ನು ಅದು ಕೆಡಿಸುವದಿಲ್ಲ; ಅದೇ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಮಾಡಿ ಜೋಪಾನವಾಗಿ ಇಡುತ್ತದೆ. ಆದರೆ ಆ ಒಳಫೋಲ್ಡರ್ ಕಣ್ಣಿಗೆ ಕಾಣುವಂಥದಲ್ಲ. ಇಡೀ ಫೋಲ್ಡರನ್ನು ಗಂಟು ಸಮೇತ ಎತ್ತಿ ಒಯ್ದಿದ್ದರೆ ಚೀಟಿಯೂ ಬರುತ್ತಿತ್ತು, ಮೂಲವೂ ಬರುತ್ತಿತ್ತು. ನಾನು ಕಂಡದ್ದನ್ನಷ್ಟೇ ಆರಿಸಿ ತಂದೆ. ಹೀಗೆ ಎಷ್ಟೋ ಫೋಟೋಗಳು ತಮ್ಮ ಬೆಳಕನ್ನು ಕಳೆದುಕೊಂಡು ಮೊದಲಿನಂತೆ ಕತ್ತಲೆಯಾಗಿ ಬಂದವು. ಇನ್ನು ಕೆಲವು ಕತ್ತರಿಸಿದ ತುಂಡುಗಳಾಗಿಯೇ ಉಳಿದು, ಮೂಲವನ್ನು ಕಳೆದುಕೊಂಡವು.

ಇದು ಗೊತ್ತಾದದ್ದು ಡಿಸೆಂಬರಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಒಂದು ಹಳ್ಳಿಯಿಂದ ಒಬ್ಬ ಆಯಿ ಬಂದ ದಿನ. 2012ರಲ್ಲಿ ಅವರ ಮನೆಯ ವಾಸ್ತುಶಾಂತಿಗೆ ಕಾಕಾ ಹೋಗಿ ಫೋಟೋ ತೆಗೆದಿದ್ದರು. ಗಂಡ-ಹೆಂಡತಿ ಇಬ್ಬರೂ ಹೊಸ ಬಾಗಿಲ ಮುಂದೆ ಕುರ್ಚಿಯ ಮೇಲೆ ಕೂತ ಫೋಟೋ ಅದು. 2015ರಲ್ಲಿ ಯಜಮಾನರು ತೀರಿಕೊಂಡರು. ಕಟ್ಟು ಹಾಕಿಸುವದಕ್ಕೆಂದು ಕಾಕಾ ಅದೇ ಫೋಟೋದಿಂದ ಅವರೊಬ್ಬರನ್ನೇ ಪಿಕಾಸಾದಲ್ಲಿ ಕತ್ತರಿಸಿ ತೆಗೆದು, ಸೇವ್ ಮಾಡಿ, ದೊಡ್ಡದು ಮಾಡಿಕೊಟ್ಟಿದ್ದರು. ಜೋಡಿ ಫೋಟೋದ ಪ್ರಿಂಟು ಆಯಿಯ ಮನೆಯಲ್ಲಿ ಗೋಡೆಯ ಮೇಲಿತ್ತು. 2019ರ ಆಗಸ್ಟಿನ ನೆರೆಯಲ್ಲಿ ಹಳ್ಳ ಮನೆಯೊಳಗೆ ಬಂದಾಗ ಅದು ಕೆಟ್ಟುಹೋಯಿತು. ಸ್ಟುಡಿಯೋದಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ಅವರು ಅಷ್ಟು ವರುಷ ಸುಮ್ಮನಿದ್ದರು.

"ಯವ್ವಾ, ನಮ್ಮನೀಯವರ ಒಬ್ಬರದ ಅಲ್ಲ, ನಾವಿಬ್ಬರೂ ಕುಂತದ್ದು ತಗದ ಕೊಡು" ಅಂದರು.

ನಾನು ತೆರೆದೆ. ಯಜಮಾನರು ಒಬ್ಬರೇ ಇದ್ದರು. ಎಡಗಡೆಯ ಅಂಚಿನಲ್ಲಿ ಹಸಿರು ಇಳಕಲ್ ಸೀರೆಯ ಸೆರಗು ಒಂದು ಬೆರಳಿನಷ್ಟು ಕಾಣುತ್ತಿತ್ತು. ಕಾಕಾ ಬಂದು ನೋಡಿದರು, ನಾಲ್ಕಾರು ಫೋಲ್ಡರ್ ಹುಡುಕಿದರು. ಆಮೇಲೆ ನನ್ನ ಮುಖ ನೋಡಿದರು. ಹಳೆಯ ಕಂಪ್ಯೂಟರ್ ಒಯ್ದವರಿಗೆ ಫೋನ್ ಹಚ್ಚಿದೆವು. ಡಿಸ್ಕನ್ನು ಪೂರ್ತಿ ಅಳಿಸಿ ಮಾರಿಯಾಗಿತ್ತು.

"ನೀವ ತಗದ ಫೋಟೋ ನಿಮ್ಮ ಹಂತೇಕ ಇರಂಗಿಲ್ಲೇನ್ರಿ?" ಎಂದು ಆಯಿ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದರು. ಆ ಪ್ರಶ್ನೆಗೆ ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿನಿಯಾದ ನನ್ನ ಹತ್ತಿರ ಉತ್ತರವಿರಲಿಲ್ಲ.

ಅಂದಿನಿಂದ ನಾನು ವಿಚಾರ ಮಾಡುತ್ತಿದ್ದೇನೆ. ತಪ್ಪು ನನ್ನದೆಂಬದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಯಾವದು? ಹಳೆಯ ಪಿಕಾಸಾವನ್ನು ಬಿಡದೆ ಇದ್ದದ್ದು ತಪ್ಪೆಂದು ನನ್ನ ಗೆಳತಿಯರು ಹೇಳುತ್ತಾರೆ. ನಾನು ಒಪ್ಪುವದಿಲ್ಲ. ಪಿಕಾಸಾ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿತ್ತು. ಮೂಲವನ್ನು ಹದಿಮೂರು ವರುಷ ಜೋಪಾನ ಮಾಡಿತ್ತು. ನಾವು ಮಾಡಿದ ತಪ್ಪೆಂದರೆ ಉಪಕರಣವನ್ನೇ ಉಗ್ರಾಣವೆಂದು ತಿಳಿದದ್ದು. ಫೋಟೋ ಎಲ್ಲಿದೆ ಎಂದರೆ "ಪಿಕಾಸಾದಲ್ಲಿದೆ" ಎನ್ನುತ್ತಿದ್ದೆವು. ಫೋಟೋ ಪಿಕಾಸಾದಲ್ಲಿರುವದಿಲ್ಲ, ಕೂರಿಗೆಯಲ್ಲಿ ಬೀಜವನ್ನು ಯಾರೂ ಕೂಡಿಡುವದಿಲ್ಲ. ಒಂದು ಸಾಧನವನ್ನು ನೆಚ್ಚುವದು ಬೇರೆ; ಅದರ ಕೈಗೆ ಎಲ್ಲವನ್ನೂ ಒಪ್ಪಿಸಿ ಕೀಲಿಕೈ ಎಲ್ಲಿದೆಯೆಂದು ಕೇಳದೆ ಇರುವದು ಬೇರೆ. ಹೊಸ ಸಾಫ್ಟ್‌ವೇರ್ ಹಿಡಿದಿದ್ದರೂ ನಾವು ಇದೇ ಸ್ವಭಾವದಿಂದ ಇದೇ ತಪ್ಪನ್ನು ಮಾಡುತ್ತಿದ್ದೆವು. ಇಂದು ಮೊಬೈಲಿನಲ್ಲಿ ಸಾವಿರ ಸಾವಿರ ಫೋಟೋ ತೆಗೆದು "ಗೂಗಲ್ ಫೋಟೋಸಿನಲ್ಲಿದೆ" ಎನ್ನುವ ನನ್ನ ಗೆಳತಿಯರು ಬೇರೆ ಏನು ಮಾಡುತ್ತಿದ್ದಾರೆ? ಪಿಕಾಸಾವನ್ನು ನಿಲ್ಲಿಸುವಾಗ ಅದರ ಬದಲಿಗೆಂದು ಮುಂದೆ ಮಾಡಿದ್ದೇ ಅದನ್ನು.

ಕಾಕಾನ ತಂದೆಯವರೂ ಫೋಟೋ ತೆಗೆಯುತ್ತಿದ್ದರು. ಅವರ ಕಾಲದ ನೆಗೆಟಿವ್‌ಗಳು ಕಾಗದದ ಲಕೋಟೆಯಲ್ಲಿ, ಮೇಲೆ ಊರು, ಹೆಸರು, ತಾರೀಖು ಬರೆದು, ಟಿನ್ನಿನ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಬೆಳಕಿಗೆ ಹಿಡಿದರೆ ಮುಖ ಕಾಣುತ್ತದೆ. ಅದನ್ನು ನೋಡಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ಅಂದಿನದೆಲ್ಲ ಚೆನ್ನಾಗಿತ್ತೆಂದು ಹೇಳುವವಳಲ್ಲ ನಾನು. ಬೂಷ್ಟು ಹಿಡಿದು ಕೆಟ್ಟ ನೆಗೆಟಿವ್‌ಗಳೂ ಆ ಪೆಟ್ಟಿಗೆಯಲ್ಲಿ ಬೇಕಾದಷ್ಟಿವೆ. ಆದರೆ ಕೆಟ್ಟದ್ದು ಕೆಟ್ಟಿದೆಯೆಂದು ಕಣ್ಣಿಗೆ ಕಾಣುತ್ತದಲ್ಲ!

ಈ ವಿಷಯದಲ್ಲಿ ನಮ್ಮ ಕನ್ನಡದ ಪಾಡೂ ಒಂದಿದೆ. ಫೋಟೋಶಾಪ್ 7ಕ್ಕೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುವದಿಲ್ಲ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಹೆಸರನ್ನು ಅಲ್ಲಿ ಅಂಟಿಸಿದರೆ ಅಕ್ಷರಗಳು ಜಗಳಾಡಿ ದೂರ ದೂರ ನಿಂತವರ ಹಾಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಆದುದರಿಂದ ಲಗ್ನದ ಆಲ್ಬಮ್ಮಿನ ಮೇಲಿನ ಹೆಸರುಗಳನ್ನೆಲ್ಲ ನಾನು ನುಡಿಯ ಹಳೆಯ ಅಕ್ಷರಗಳಲ್ಲಿ ಮತ್ತೆ ಟೈಪ್ ಮಾಡಬೇಕು. ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ, ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವಿಲ್ಲದಿದ್ದರೆ ನನ್ನಂಥವಳು ಕನ್ನಡ ಟೈಪ್ ಮಾಡಲು ಕಲಿಯುತ್ತಲೇ ಇರಲಿಲ್ಲವೇನೋ. ಆದರೆ ಆ ಹಳೆಯ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡ್ರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಕಸ ಕಾಣುತ್ತದೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದೆ. ಮೂವತ್ತು ವರುಷಕ್ಕೂ ಮೇಲಾಯಿತು. ಆದರೂ ಪೇಟೆಯ ಅಂಗಡಿಯಲ್ಲಿ ನಾನು ದಿನಾಲು ಒಂದೇ ಹೆಸರನ್ನು ಎರಡು ಸಲ ಬರೆಯುತ್ತೇನೆ. ಇಲ್ಲಿ ಮಾತ್ರ ಹಳೆಯದನ್ನು ಬಿಡಲೇಬೇಕೆಂದು ನನ್ನ ಅಭಿಪ್ರಾಯ. ಯಾಕೆಂದರೆ ಇಲ್ಲಿ ಹಳೆಯದು ಬರೀ ಉಪಕರಣವಾಗಿ ಉಳಿದಿಲ್ಲ. ಬರೆದದ್ದನ್ನೇ ಸೆರೆ ಹಿಡಿದಿದೆ.

ಬದಲಿಗೆ ಏನು ಎಂದು ಕೇಳಿದರೆ, ನಾನು ಗಿಂಪ್ ಎಂಬದನ್ನು ಕಲಿಯುತ್ತಿದ್ದೇನೆ. ಇದನ್ನು 1995ರಲ್ಲಿ ಆರಂಭಿಸಿದವರು ಅಮೇರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್. ವಿದ್ಯಾರ್ಥಿಗಳು ಎಂಬ ಮಾತನ್ನು ಸಹಪಾಠಿಗಳು ಗಮನಿಸಬೇಕು. ಇದು ಪುಕ್ಕಟೆ ಎಂಬದು ದೊಡ್ಡದಲ್ಲ. ಪಿಕಾಸಾವೂ ಪುಕ್ಕಟೆಯೇ ಇತ್ತು. ಇದರ ಒಳಗಿನ ಬರವಣಿಗೆ ಎಲ್ಲರಿಗೂ ತೆರೆದಿದೆ ಎಂಬದು ದೊಡ್ಡದು. ಮೊದಲು ಮಾಡಿದವರು ಬಿಟ್ಟು ಹೋದರೂ ಬೇರೆಯವರು ದಿಂಡು ಬದಲಿಸಿಕೊಂಡು ನಡೆಸಿಕೊಂಡು ಬಂದಿದ್ದಾರೆ. 2025ರ ಮಾರ್ಚಿನಲ್ಲಿ ಅದರ ಮೂರನೆಯ ದೊಡ್ಡ ಆವೃತ್ತಿ ಬಂದಿತು. ಫೋಟೋಶಾಪಿನ ಮೊದಲ ಆವೃತ್ತಿಯ ಒಳಬರವಣಿಗೆಯನ್ನೂ 2013ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಜಿಯಮ್ಮಿನವರು ಪ್ರಕಟಿಸಿದರು. ಆದರೆ ಅದು ಇಪ್ಪತ್ತಮೂರು ವರುಷದ ಮೇಲೆ, ನೋಡಿ ಅಭ್ಯಾಸ ಮಾಡುವದಕ್ಕೆ ಮಾತ್ರ. ಗಿಂಪಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡ್ರುತ್ತವೆ. ಕಾಕಾನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಕೈಯಾಡಿಸಿ, "ಛಲೋ ಐತಿ ತಂಗಿ, ಆದ್ರ ನನ್ನ ಕೈ ಕೇಳೂದಿಲ್ಲ" ಎಂದರು. ಅವರಿಗೆ ಐವತ್ತೆಂಟು ವರುಷ. ಅವರ ಕೈಯನ್ನು ಒತ್ತಾಯ ಮಾಡುವದು ನನಗೆ ಸರಿ ಕಾಣಲಿಲ್ಲ. ಮುಖ ಬಿಡಿಸುವದು ಅವರು ಫೋಟೋಶಾಪ್ 7ರಲ್ಲಿ ಮಾಡುತ್ತಾರೆ. ಹೆಸರು ಬರೆಯುವದು ನಾನು ಗಿಂಪಿನಲ್ಲಿ ಮಾಡುತ್ತೇನೆ. ಮೂಲ ಫೋಟೋಗಳು ಬೇರೆ ಎರಡು ಡಿಸ್ಕುಗಳಲ್ಲಿ, ಯಾರೂ ತಿದ್ದದಂತೆ, ಯಾವ ಸಾಫ್ಟ್‌ವೇರೂ ಬಾಗಿಲು ಕಾಯದಂತೆ ಇರುತ್ತವೆ. ಒಂದು ಡಿಸ್ಕು ಸ್ಟುಡಿಯೋದಲ್ಲಿ, ಇನ್ನೊಂದು ಕಾಕಾನ ಮನೆಯಲ್ಲಿ.

ಗುರುಗಳಲ್ಲಿ ಒಂದು ವಿನಂತಿ. ಪದವಿಯ ಮೊದಲ ವರುಷ ನಮಗೂ ಕಂಪ್ಯೂಟರಿನ ಒಂದು ಪತ್ರಿಕೆಯಿತ್ತು. ಅದರಲ್ಲಿ ಅಂತರ್ಜಾಲದ ಚರಿತ್ರೆ ಓದಿದೆವು, ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದೆವು. ಒಂದು ಫೋಲ್ಡರಿನಲ್ಲಿ ಕಣ್ಣಿಗೆ ಕಾಣದ್ದೂ ಇರುತ್ತದೆ, ಅದನ್ನು ಹೀಗೆ ನೋಡಬೇಕು ಎಂಬ ಐದು ನಿಮಿಷದ ಪಾಠ ಇರಲಿಲ್ಲ. ನಮ್ಮಲ್ಲಿ ಹಲವರು ನಾಳೆ ಗ್ರಾಮ ಪಂಚಾಯತಿ, ಸೊಸೈಟಿ, ಶಾಲೆ, ಅಂಗಡಿಗಳಲ್ಲಿ ಇಂಥ ಕೆಲಸಕ್ಕೇ ಕೂಡ್ರುವವರು. ವಿಂಡೋಸ್ 10ರ ಪೋಷಣೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವದರಿಂದ ಅಲ್ಲೆಲ್ಲ ಕಂಪ್ಯೂಟರುಗಳು ಬದಲಾಗುವ ಕಾಲವಿದು. ಹಳೆಯ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುವವರು ನಾವೇ ಆಗಿರುತ್ತೇವೆ.

ಕಾಕಾ 2013ರ ತನಕ ಪ್ರತಿ ಸಮಾರಂಭದ ಫೋಟೋಗಳನ್ನು ಸಿ.ಡಿ.ಗೆ ಹಾಕಿಡುತ್ತಿದ್ದರೆಂಬದು ಜನವರಿಯಲ್ಲಿ ನೆನಪಿಗೆ ಬಂದಿತು. ಅಟ್ಟದ ಮೇಲೆ ಎರಡು ಡಬ್ಬಿ ಸಿಕ್ಕಿವೆ. ನೂರಕ್ಕೂ ಮೇಲಿವೆ, ಮೇಲೆ ಬರೆದ ಶಾಯಿ ಬಹಳಷ್ಟು ಅಳಿಸಿಹೋಗಿದೆ. ಹೊಸ ಕಂಪ್ಯೂಟರಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ, ಯಾರೂ ಮುಟ್ಟದ ಒಂದು ಹಳೆಯದಕ್ಕೆ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಬಳಸಲು ಪ್ರಾಧ್ಯಾಪಕರು ಅಪ್ಪಣೆ ಕೊಟ್ಟಿದ್ದಾರೆ. ದಿನಕ್ಕೆ ಮೂರೋ ನಾಲ್ಕೋ ನೋಡಲಾಗುತ್ತದೆ. ಕೆಲವು ತೆರೆಯುತ್ತವೆ, ಕೆಲವು ಬರೀ ಗುರುಗುಟ್ಟುತ್ತವೆ. ಇದನ್ನು ಬರೆಯುವ ಹೊತ್ತಿಗೆ ಒಂದು ಡಬ್ಬಿ ಮುಗಿದಿದೆ. ಆ ವಾಸ್ತುಶಾಂತಿಯದು ಇನ್ನೂ ಸಿಕ್ಕಿಲ್ಲ. ಆಯಿ ಸಂತೆಗೆ ಬಂದಾಗಲೆಲ್ಲ ಸ್ಟುಡಿಯೋದ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡುತ್ತಾರೆ. ನಾನು ಇನ್ನೂ ಇಲ್ಲವೆಂದು ತಲೆಯಾಡಿಸುತ್ತೇನೆ. ಅವರು ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ಕಡೆಗೆ ಹೋಗುತ್ತಾರೆ.